ಟ್ಯೂಬ್ ಸ್ಟುಡಿಯೋ ಉಪಕರಣದ ಪವರ್ ಸಪ್ಲೈ ರಿಪೇರಿ: ಎಲ್ಲಿ ಅಳೆಯಬೇಕು, ಏನನ್ನು ಬದಲಿಸಬೇಕು

ಟ್ಯೂಬ್ ಪ್ರೀಆಂಪ್, ಈಕ್ವಲೈಸರ್, ಲಿಮಿಟರ್ ರಿಪೇರಿಗೆ ಬಂದರೆ ದೂರು ಹೆಚ್ಚಾಗಿ ಮೂರರಲ್ಲೊಂದು: ಗುಂಯ್ ಅನ್ನುತ್ತದೆ, ಫ್ಯೂಸ್ ಹಾರುತ್ತದೆ, ದೀಪ ಹತ್ತಿದರೂ ಸದ್ದಿಲ್ಲ. ಮೂರಕ್ಕೂ ಮೊದಲು ನೋಡಬೇಕಾದ ಜಾಗ ಪವರ್ ಸಪ್ಲೈ. ಇರುವ ಕೆಪಾಸಿಟರ್‌ಗಳನ್ನೆಲ್ಲ ಕಿತ್ತು ಹೊಸದು ಹಾಕುವುದು ಅರ್ಧ ದಿನದ ಕೆಲಸ. ಆದರೆ ಕೆಟ್ಟದ್ದು ಯಾವುದು, ಯಾಕೆ ಕೆಟ್ಟಿತು ಎಂದು ಅಳೆದು ನೋಡದೆ ಬದಲಿಸಿದರೆ ಹೊಸ ಭಾಗವೂ ಹಳೆಯದರ ಹಿಂದೆಯೇ ಹೋಗುತ್ತದೆ.

ಉದಾಹರಣೆಗೆ ಪಲ್ಟೆಕ್ ಇಕ್ಯೂಪಿ-1ಎ ಮಾದರಿಯ ಈಕ್ವಲೈಸರ್ ತೆಗೆದುಕೊಳ್ಳೋಣ. ಅದರಲ್ಲಿ ಮೂರು ಟ್ಯೂಬ್: ಒಂದು 12ಎಎಕ್ಸ್7, ಒಂದು 12ಎಯು7, ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವುದು) ಆಗಿ ಒಂದು 6ಎಕ್ಸ್4. ಇಂಥ ಉಪಕರಣಗಳ ಸಪ್ಲೈ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ಬಗೆ: ಸೆಂಟರ್ ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ಮೊದಲ ಕೆಪಾಸಿಟರ್, ಅದರಾಚೆ ರೆಸಿಸ್ಟರ್-ಕೆಪಾಸಿಟರ್ ಜೋಡಿ ಎರಡೋ ಮೂರೋ, ಪಕ್ಕದಲ್ಲಿ ಟ್ಯೂಬ್‌ಗಳನ್ನು ಕಾಯಿಸುವ 6.3 ವೋಲ್ಟ್‌ನ ಹೀಟರ್ ವೈಂಡಿಂಗ್. ಕೆಳಗಿನ ಲೆಕ್ಕಕ್ಕೆಲ್ಲ 250-0-250 ವೋಲ್ಟ್ ಸೆಕೆಂಡರಿ, ಸುಮಾರು 320 ವೋಲ್ಟ್ ಎಚ್‌ಟಿ (ಹೈ ಟೆನ್ಷನ್, ಟ್ಯೂಬ್‌ಗಳಿಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜ್), ಒಟ್ಟು 20 ಮಿಲಿಆಂಪ್ ಎಂದು ಇಟ್ಟುಕೊಂಡಿದ್ದೇವೆ. ನಿಮ್ಮ ಉಪಕರಣದ ಸರ್ಕ್ಯೂಟ್ ಚಿತ್ರದಲ್ಲಿರುವ ಅಂಕಿಗಳೇ ಅಂತಿಮ.

ಕೈ ಹಾಕುವ ಮುನ್ನ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಡಿ. ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ. ಹಳೆಯ ಉಪಕರಣದಲ್ಲಿ ಅದು ಫೇಸ್ ಬದಲು ನ್ಯೂಟ್ರಲ್ ಆಗಿರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 47 ಮೈಕ್ರೊಫ್ಯಾರಡ್, 350 ವೋಲ್ಟ್ ಅಂದರೆ ಸುಮಾರು 2.9 ಜೂಲ್. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಾಳಿ ಬೇಡ, ಕೆಪಾಸಿಟರ್‌ಗೂ ಕಣ್ಣಿಗೂ ಅಪಾಯ. 10 ಕಿಲೋ ಓಮ್, 5 ವ್ಯಾಟ್ ವೈರ್‌ವೂಂಡ್ ರೆಸಿಸ್ಟರ್‌ನ ಒಂದು ತುದಿಗೆ ಕ್ರೊಕಡೈಲ್ ಕ್ಲಿಪ್, ಇನ್ನೊಂದಕ್ಕೆ ಇನ್ಸುಲೇಷನ್ ಇರುವ ಪ್ರೋಬ್ ಕಟ್ಟಿಕೊಳ್ಳಿ. ಕ್ಲಿಪ್ಪನ್ನು ಎಚ್‌ಟಿ ನೆಗೆಟಿವ್‌ಗೆ ಹಾಕಿ ಪ್ರತಿ ಕೆಪಾಸಿಟರ್‌ನ ಪಾಸಿಟಿವ್ ಮೇಲೆ ಪ್ರೋಬ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಆಮೇಲೆ ಮೀಟರ್ ಇಟ್ಟು ನೋಡಿ. ಐದು ನಿಮಿಷ ಬಿಟ್ಟು ಮತ್ತೆ ನೋಡಿದರೆ ಒಂದಷ್ಟು ವೋಲ್ಟ್ ತಾನಾಗಿ ಏರಿರುತ್ತದೆ. ಡೈಎಲೆಕ್ಟ್ರಿಕ್ ಹೀರಿಕೊಂಡಿದ್ದ ಚಾರ್ಜ್ ಹೊರಬರುವುದರಿಂದ ಹೀಗಾಗುತ್ತದೆ. ಅದಕ್ಕೇ ಕೆಲಸ ಮುಗಿಯುವವರೆಗೆ ಆ ಪ್ರೋಬ್ ಬದಲು ಇನ್ನೊಂದು ಕ್ಲಿಪ್ ಹಾಕಿ ಹಾಗೇ ಬಿಡುವುದು ಒಳ್ಳೆಯದು. ಪವರ್ ಕೊಡುವ ಮುನ್ನ ತೆಗೆಯಲು ಮರೆಯಬೇಡಿ.

ಮನೆಯ ಆರ್‌ಸಿಸಿಬಿ (ಭೂಮಿಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ನಿಮ್ಮನ್ನು ಎಚ್‌ಟಿಯಿಂದ ಕಾಪಾಡುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಯಲ್ಲಿ ನಡೆಯುವುದು ಅದಕ್ಕೆ ಕಾಣುವುದೇ ಇಲ್ಲ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡರೂ ಇದೇ ಮಾತು. ಪವರ್ ಇದ್ದಾಗ ಅಳೆಯುವುದಾದರೆ ಕಪ್ಪು ಪ್ರೋಬ್ ಚಾಸಿಸ್‌ಗೆ ಕ್ಲಿಪ್ ಆಗಿರಲಿ, ಒಂದೇ ಕೈ ಒಳಗೆ ಹೋಗಲಿ, ಮೀಟರ್ 600 ವೋಲ್ಟ್ ಕ್ಯಾಟ್-3 ದರ್ಜೆಯದಾಗಿರಲಿ. ಎಚ್‌ಟಿಯೊಡನೆ ಕೆಲಸ ಮಾಡಿ ಅಭ್ಯಾಸವಿಲ್ಲದವರು ಬಲ್ಲವರ ಜೊತೆ ಕೂತು ಕಲಿಯಬೇಕು; ಓದಿ ಕಲಿಯುವ ವಿದ್ಯೆಯಲ್ಲ ಇದು.

ಪವರ್ ಇಲ್ಲದೆಯೇ ಗೊತ್ತಾಗುವುದು

ಮೀಟರ್ ಓಮ್‌ಗೆ ಇಟ್ಟು, ಟ್ಯೂಬ್‌ಗಳನ್ನೆಲ್ಲ ತೆಗೆದು (ಯಾವುದು ಎಲ್ಲಿಂದ ಬಂತೆಂದು ಗುರುತು ಹಾಕಿಕೊಂಡು) ನೋಡುತ್ತ ಹೋಗಿ. ಪ್ರೈಮರಿ ಕೆಲವು ಹತ್ತು ಓಮ್ ತೋರಬೇಕು. ಎಚ್‌ಟಿ ಸೆಕೆಂಡರಿಯ ಪ್ರತಿ ಅರ್ಧ ನೂರರಿಂದ ಮುನ್ನೂರು ಓಮ್ ಒಳಗಿರುತ್ತದೆ. ಎರಡು ಅರ್ಧಗಳು ಸರಿಸಮ ಇರಲಿಲ್ಲವೆಂದು ಗಾಬರಿ ಬೇಡ, ಹೊರಗೆ ಸುತ್ತಿದ ಅರ್ಧಕ್ಕೆ ತಂತಿ ಉದ್ದವಾದ್ದರಿಂದ ಓಮ್ ತುಸು ಹೆಚ್ಚು. ಹೀಟರ್ ವೈಂಡಿಂಗ್ ಒಂದು ಓಮ್‌ಗಿಂತ ಕಡಿಮೆ. ಎಚ್‌ಟಿಯಿಂದ ಚಾಸಿಸ್‌ಗೆ ಅಳೆದಾಗ ಅಂಕಿ ಕೆಳಗಿನಿಂದ ಮೆಲ್ಲಗೆ ಏರುತ್ತ ಹೋಗಬೇಕು, ಕೆಪಾಸಿಟರ್ ತುಂಬಿಕೊಳ್ಳುತ್ತಿದೆ ಎಂದರ್ಥ. ಬ್ಲೀಡರ್ ರೆಸಿಸ್ಟರ್ (ಆಫ್ ಮಾಡಿದ ಮೇಲೆ ಕೆಪಾಸಿಟರ್‌ಗಳನ್ನು ಖಾಲಿ ಮಾಡುವುದು) ಇದ್ದರೆ ಅದರ ಓಮ್ ಅಂಕಿಯ ಹತ್ತಿರ ನಿಲ್ಲುತ್ತದೆ. ಒಂದೆರಡು ಕಿಲೋ ಓಮ್‌ಗೇ ನಿಂತುಬಿಟ್ಟರೆ ಪವರ್ ಕೊಡಬೇಡಿ, ಯಾವುದೋ ಕೆಪಾಸಿಟರ್ ಶಾರ್ಟ್ ಆಗಿದೆ.

ಇದೇ ಹೊತ್ತಿಗೆ ಮೇನ್ಸ್ ಭಾಗವನ್ನೂ ಸರಿ ಮಾಡಿ. ಎರಡು ತಂತಿಯ ಕಾರ್ಡ್ ಇದ್ದರೆ ಮೂರು ತಂತಿಯದು ಹಾಕಿ, ಅರ್ತಿಂಗ್ ತಂತಿಗೆ ಬಣ್ಣ ಕೆರೆದ ಜಾಗದಲ್ಲಿ ತನ್ನದೇ ಬೋಲ್ಟ್ ಕೊಡಿ. ಟ್ರಾನ್ಸ್‌ಫಾರ್ಮರ್ ಬೋಲ್ಟ್‌ಗೆ ಸೇರಿಸಬೇಡಿ. ಫೇಸ್ ಮೊದಲು ಫ್ಯೂಸ್‌ಗೆ, ಅಲ್ಲಿಂದ ಸ್ವಿಚ್‌ಗೆ. ಹಳೆಯ ಅಮೆರಿಕನ್ ಉಪಕರಣಗಳಲ್ಲಿ ಮೇನ್ಸ್ ತಂತಿಯಿಂದ ಚಾಸಿಸ್‌ಗೆ ಒಂದು ಕೆಪಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಇಡೀ ಪೆಟ್ಟಿಗೆಗೆ ಕರೆಂಟ್. ಕತ್ತರಿಸಿ ಎಸೆಯಿರಿ. ಬೇಕೇಬೇಕಾದರೆ ಇದಕ್ಕೆಂದೇ ಇರುವ ವೈ2 ಸುರಕ್ಷತಾ ದರ್ಜೆಯದೇ ಹಾಕಿ.

117 ವೋಲ್ಟ್‌ಗೆ ಮಾಡಿದ್ದನ್ನು ಇಲ್ಲಿ ಬಳಸುವಾಗ ಎರಡು ಸಂಗತಿ ನೆನಪಿರಲಿ. ಪ್ರೈಮರಿಯನ್ನು ಸೀರೀಸ್ ಮಾಡಿ 230ಕ್ಕೆ ತಂದರೆ ಫ್ಯೂಸ್ ಅರ್ಧವಾಗಬೇಕು. 35 ವ್ಯಾಟ್ ಎಳೆಯುವ ಪೆಟ್ಟಿಗೆಗೆ 315 ಮಿಲಿಆಂಪ್ ಸ್ಲೋ ಬ್ಲೋ ಸಾಕು, ಒಂದು ಆಂಪ್ ಹಾಕಿದರೆ ಫ್ಯೂಸ್ ಉಳಿದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಎರಡನೆಯದು, 60 ಹರ್ಟ್ಸ್‌ಗಷ್ಟೇ ಲೆಕ್ಕ ಹಾಕಿ ಮಾಡಿದ ಕೋರ್ ನಮ್ಮ 50 ಹರ್ಟ್ಸ್‌ನಲ್ಲಿ ಶೇ. 20 ಹೆಚ್ಚು ಫ್ಲಕ್ಸ್ ಹೊರಬೇಕು, ಬಿಸಿಯಾಗುತ್ತದೆ, ಝೇಂಕರಿಸುತ್ತದೆ. ಸ್ಟೆಪ್‌ಡೌನ್‌ನಿಂದ 117 ಬದಲು 110 ವೋಲ್ಟ್ ಕೊಟ್ಟರೆ ಹೀಟರ್ 5.9 ವೋಲ್ಟ್‌ಗೆ ಇಳಿಯುತ್ತದೆ. ಅದು ಶೇ. 10ರ ಮಿತಿಯೊಳಗೇ ಇದೆ, ಕೋರ್‌ಗೂ ಉಸಿರಾಡಲು ಜಾಗ ಸಿಗುತ್ತದೆ. 220 ವೋಲ್ಟ್ ಎಂದು ಬರೆದ ಯುರೋಪಿನ ಹಳೆಯ ಉಪಕರಣಕ್ಕೆ ತೊಂದರೆ ಉಲ್ಟಾ: 240 ವೋಲ್ಟ್ ಬಂದ ದಿನ ಹೀಟರ್ 6.87ಕ್ಕೆ ಏರಿ ಮಿತಿಯ ಅಂಚು ಮುಟ್ಟುತ್ತದೆ.

ಸೀರೀಸ್ ಬೋರ್ಡ್

ಮೊದಲ ಸಲ ಪವರ್ ಕೊಡುವುದು ಸೀರೀಸ್ ಬಲ್ಬ್ (ಮೇನ್ಸ್‌ಗೂ ಉಪಕರಣಕ್ಕೂ ನಡುವೆ ಸೇರಿಸಿದ ಬಲ್ಬ್) ಮೂಲಕವೇ. 60 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಬೇಕು. ಎಲ್‌ಇಡಿ, ಸಿಎಫ್‌ಎಲ್ ಇದಕ್ಕೆ ಬರುವುದಿಲ್ಲ. ಉಪಕರಣ ಸರಿಯಿದ್ದರೆ ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತದೆ. ಪೂರ್ತಿ ಬೆಳಕಿನಲ್ಲೇ ನಿಂತರೆ ಶಾರ್ಟ್ ಇದೆ, ತಕ್ಷಣ ತೆಗೆಯಿರಿ.

ಹುಡುಕುವ ಕ್ರಮ ಹೀಗಿರಲಿ. ಒಂದು, ಟ್ಯೂಬ್ ಯಾವುದೂ ಇಲ್ಲದೆ ಟ್ರಾನ್ಸ್‌ಫಾರ್ಮರ್ ಮಾತ್ರ. ಬಲ್ಬ್ ಉರಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಅಥವಾ ಹೀಟರ್ ತಂತಿ ಎಲ್ಲೋ ತಗುಲಿದೆ. ಉರಿಯದಿದ್ದರೆ ಎಸಿ ವೋಲ್ಟೇಜ್ ಅಳೆಯಿರಿ. ಎರಡೂ ಅರ್ಧಗಳು ಸಮ ಇರಬೇಕು. ಎರಡು, ರೆಕ್ಟಿಫೈಯರ್ ಮಾತ್ರ ಹಾಕಿ. ಈಗ ಉರಿದರೆ ತಪ್ಪು ರೆಕ್ಟಿಫೈಯರ್‌ನಲ್ಲಿ ಅಥವಾ ಕೆಪಾಸಿಟರ್‌ಗಳಲ್ಲಿ. ಗಮನಿಸಿ: ಉಳಿದ ಟ್ಯೂಬ್ ಇಲ್ಲದಾಗ ಎಚ್‌ಟಿ 320ರಲ್ಲಿ ನಿಲ್ಲುವುದಿಲ್ಲ. ಬಲ್ಬ್ ತೆಗೆದು ನೇರ ಕೊಟ್ಟರೆ 250ರ 1.414 ಪಟ್ಟು, ಅಂದರೆ 353ರವರೆಗೆ ಹೋಗುತ್ತದೆ. 350 ವೋಲ್ಟ್ ಕೆಪಾಸಿಟರ್ ಇಲ್ಲಿ ಬೇಡ ಎನ್ನುವುದು ಇದಕ್ಕೇ. 450 ವೋಲ್ಟ್‌ನದೇ ಹಾಕಿ. ಮೂರು, ಉಳಿದ ಟ್ಯೂಬ್‌ಗಳು ಒಂದೊಂದಾಗಿ.

ವೇರಿಯಾಕ್‌ನಿಂದ (ಮೇನ್ಸ್ ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ನಿಧಾನಕ್ಕೆ ಏರಿಸಿದರೆ ಹಳೆಯ ಕೆಪಾಸಿಟರ್ ಹದಕ್ಕೆ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಟ್ಯೂಬ್ ರೆಕ್ಟಿಫೈಯರ್ ಇರುವಲ್ಲಿ ಅದು ನಡೆಯುವುದಿಲ್ಲ. ಅರ್ಧ ವೋಲ್ಟೇಜ್‌ನಲ್ಲಿ ಹೀಟರ್ ಕಾಯದೆ ರೆಕ್ಟಿಫೈಯರ್ ಏನನ್ನೂ ಕೊಡುವುದಿಲ್ಲ, ಆಮೇಲೆ ಒಮ್ಮೆಗೇ ಇನ್ನೂರು ಚಿಲ್ಲರೆ ವೋಲ್ಟ್ ಬಂದು ಬೀಳುತ್ತದೆ.

ಅಳತೆ ಏನು ಹೇಳುತ್ತದೆ

ಎಚ್‌ಟಿ ಸಾಲಿನ ಪ್ರತಿ ಗಂಟಿನಲ್ಲೂ (ರೆಸಿಸ್ಟರ್, ಕೆಪಾಸಿಟರ್ ಸೇರುವ ಜಾಗ) ಡಿಸಿ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಮೊದಲ ಕೆಪಾಸಿಟರ್ 320. ಅಲ್ಲಿಂದ 2.2 ಕಿಲೋ ಓಮ್‌ನಲ್ಲಿ 20 ಮಿಲಿಆಂಪ್ ಹರಿದು 44 ವೋಲ್ಟ್ ಬಿದ್ದು ಎರಡನೆಯದರಲ್ಲಿ 276. ಅಲ್ಲಿಂದ 10 ಕಿಲೋ ಓಮ್‌ನಲ್ಲಿ 5 ಮಿಲಿಆಂಪ್ ಹರಿದು 50 ವೋಲ್ಟ್ ಬಿದ್ದು ಮೂರನೆಯದರಲ್ಲಿ 226.

ಎಲ್ಲ ಗಂಟಿನಲ್ಲೂ 350ರ ಆಸುಪಾಸಿದ್ದರೆ ಟ್ಯೂಬ್‌ಗಳು ಕರೆಂಟ್ ಎಳೆಯುತ್ತಲೇ ಇಲ್ಲ, ಹೀಟರ್ ನೋಡಿ. ಮೊದಲ ಗಂಟು ಸರಿ, ಎರಡನೆಯದು ತೀರಾ ಕಡಿಮೆ, ನಡುವಿನ ರೆಸಿಸ್ಟರ್ ಮುಟ್ಟಲಾಗದಷ್ಟು ಬಿಸಿ ಎಂದಾದರೆ ರೆಸಿಸ್ಟರ್ ನಿರಪರಾಧಿ. ಅದರಾಚೆಯ ಕೆಪಾಸಿಟರ್ ಸೋರುತ್ತಿದೆ. ರೆಸಿಸ್ಟರ್ ಕಪ್ಪಾಗಿದೆ ಎಂದು ಅದನ್ನಷ್ಟೇ ಬದಲಿಸಿದರೆ ಹೊಸದೂ ಕಪ್ಪಾಗುತ್ತದೆ. ಎರಡನೆಯದು ಕಡಿಮೆ ಇದ್ದೂ ರೆಸಿಸ್ಟರ್ ಬಿಸಿ ಇಲ್ಲದಿದ್ದರೆ ರೆಸಿಸ್ಟರ್‌ನ ಓಮ್ ಅಂಕಿಯೇ ಏರಿದೆ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ 10 ಕಿಲೋದಿಂದ 14 ಕಿಲೋಗೆ ಹೋಗಿರುವುದು ಅಪರೂಪವಲ್ಲ. ಬದಲಿಗೆ 3 ವ್ಯಾಟ್ ಮೆಟಲ್ ಆಕ್ಸೈಡ್ ಹಾಕಿ, ಬೋರ್ಡ್‌ನಿಂದ ಅರ್ಧ ಸೆಂಟಿಮೀಟರ್ ಎತ್ತಿ, ಕೆಪಾಸಿಟರ್ ಮೈಗೆ ತಾಗದಂತೆ.

ಗುಂಯ್ ಸದ್ದಿನಲ್ಲೂ (ಹಮ್) ಸುಳಿವಿದೆ. ಫುಲ್ ವೇವ್ ರೆಕ್ಟಿಫೈಯರ್‌ನ ಫಿಲ್ಟರ್ ಸೋತರೆ ಬರುವುದು 100 ಹರ್ಟ್ಸ್. 50 ಹರ್ಟ್ಸ್ ಬಂದರೆ ಹೀಟರ್, ಅರ್ತಿಂಗ್ ಲೂಪ್, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ, ಅಥವಾ ರೆಕ್ಟಿಫೈಯರ್‌ನ ಒಂದು ಅರ್ಧ ಸತ್ತಿರುವುದು. ಕಿವಿಗೆ ಅನುಮಾನವಿದ್ದರೆ ಔಟ್‌ಪುಟ್ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ ನೋಡಿ, ಸ್ಟುಡಿಯೋದಲ್ಲಿ ಅದಕ್ಕೇನು ಕೊರತೆ. ಇನ್‌ಪುಟ್ ತೆರೆದಿಡದೆ, ಮೈಕ್ ಪ್ರೀಆಂಪ್ ಆದರೆ 150 ಓಮ್, ಲೈನ್ ಇನ್‌ಪುಟ್ ಆದರೆ 600 ಓಮ್ ರೆಸಿಸ್ಟರ್ ಹಾಕಿರಿ.

ರಿಪ್ಪಲ್, ಅಂದರೆ ಡಿಸಿಯ ಮೇಲೆ ಉಳಿದ ಎಸಿ ಏರಿಳಿತ, ಎಷ್ಟಿರಬೇಕು? 20 ಮಿಲಿಆಂಪ್, 100 ಹರ್ಟ್ಸ್, 40 ಮೈಕ್ರೊಫ್ಯಾರಡ್ ಆದರೆ ಮೊದಲ ಕೆಪಾಸಿಟರ್ ಮೇಲೆ ಶಿಖರದಿಂದ ಶಿಖರಕ್ಕೆ ಸುಮಾರು 5 ವೋಲ್ಟ್, ಮೀಟರ್‌ನ ಎಸಿಯಲ್ಲಿ ಒಂದೂವರೆ. ಎರಡನೆಯದರಲ್ಲಿ 40 ಮೈಕ್ರೊಫ್ಯಾರಡ್ ಇದ್ದರೆ 100 ಹರ್ಟ್ಸ್‌ಗೆ ಅದು 40 ಓಮ್, 2.2 ಕಿಲೋ ಜೊತೆ ಸೇರಿ ರಿಪ್ಪಲ್ಲನ್ನು 55ರಿಂದ ಭಾಗಿಸುತ್ತದೆ, ಉಳಿಯುವುದು 26 ಮಿಲಿವೋಲ್ಟ್. ಮೂರನೆಯದು 20 ಮೈಕ್ರೊಫ್ಯಾರಡ್, 10 ಕಿಲೋ ಆದರೆ ಇನ್ನೂ 126ರಿಂದ ಭಾಗ, ಉಳಿಯುವುದು 0.2 ಮಿಲಿವೋಲ್ಟ್. ಮೊದಲನೆಯದರಲ್ಲಿ ಮೀಟರ್ ಐದಾರು ವೋಲ್ಟ್ ತೋರಿಸಿದರೆ ಅದು ಒಣಗಿ ಕಾಲುಭಾಗವಷ್ಟೇ ಉಳಿದಿದೆ. ಮೊದಲನೆಯದು ಸರಿಯಿದ್ದು ಎರಡನೆಯದರಲ್ಲಿ ನೂರಾರು ಮಿಲಿವೋಲ್ಟ್ ಇದ್ದರೆ ತಪ್ಪು ಎರಡನೆಯದರದು. ಎಲ್ಲವನ್ನೂ ಕೀಳುವ ಅಗತ್ಯವಿಲ್ಲದೆ ಬೆರಳು ಒಂದರ ಮೇಲೇ ಹೋಗುತ್ತದೆ. ಮೀಟರ್‌ನ ಎಸಿ ರೇಂಜ್ ಡಿಸಿಯನ್ನೂ ಸೇರಿಸಿ ತೋರಿಸುವ ಅಗ್ಗದ ಮಾದರಿಯಾದರೆ 0.1 ಮೈಕ್ರೊಫ್ಯಾರಡ್, 630 ವೋಲ್ಟ್ ಕೆಪಾಸಿಟರ್ ಒಂದನ್ನು ಪ್ರೋಬ್‌ಗೆ ಸೀರೀಸ್ ಕೊಡಿ.

ಕೆಪಾಸಿಟರ್ ಬದಲಿಸುವುದು

ಮೂವತ್ತು ವರ್ಷ ದಾಟಿದ ಎಲೆಕ್ಟ್ರೊಲಿಟಿಕ್ ಈಗ ಚೆನ್ನಾಗಿ ಅಳೆದರೂ ಅದನ್ನು ಬದಲಿಸುವುದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಅದು ಶಾರ್ಟ್ ಆದ ದಿನ ಜೊತೆಗೆ ಟ್ರಾನ್ಸ್‌ಫಾರ್ಮರ್ ಕೊಂಡೊಯ್ಯುತ್ತದೆ, ಅದಕ್ಕೆ ಬದಲಿ ಸಿಗುವುದಿಲ್ಲ. ಆದರೆ ಮೇಲಿನ ಅಳತೆಗಳನ್ನು ಮುಗಿಸಿದ ಮೇಲೆಯೇ ಬದಲಿಸಿ.

ಮಲ್ಟಿ ಸೆಕ್ಷನ್ ಕ್ಯಾನ್ ಆದರೆ ಅಡಿಯಲ್ಲಿ ಅರ್ಧಚಂದ್ರ, ಚೌಕ, ತ್ರಿಕೋನ ಗುರುತುಗಳಿರುತ್ತವೆ, ಮೈಮೇಲಿನ ಅಚ್ಚು ಯಾವ ಗುರುತಿಗೆ ಎಷ್ಟು ಎಂದು ಹೇಳುತ್ತದೆ. ಕ್ಯಾನ್ ಇದ್ದಲ್ಲೇ ಇರಲಿ, ಎಲ್ಲ ತಂತಿ ಬಿಚ್ಚಿ, ಚಾಸಿಸ್ ಅಡಿಗೆ ಟ್ಯಾಗ್ ಸ್ಟ್ರಿಪ್ ಮೇಲೆ ಬಿಡಿ ಕೆಪಾಸಿಟರ್ ಕೂರಿಸಿ: 105 ಡಿಗ್ರಿ, 450 ವೋಲ್ಟ್. ಹಳೆಯದನ್ನು ಪ್ಯಾರಲಲ್‌ನಲ್ಲಿ ಬಿಟ್ಟು ಹೊಸದನ್ನು ಸೇರಿಸುವುದು ರಿಪೇರಿಯಲ್ಲ, ಸೋರಿಕೆ ಹಾಗೇ ಉಳಿಯುತ್ತದೆ. ಕೆಲವು ಕ್ಯಾನ್‌ಗಳ ಕೆಳಗೆ ಫೈಬರ್ ವಾಷರ್ ಇರುತ್ತದೆ, ಅಂಥಲ್ಲಿ ನೆಗೆಟಿವ್ ಚಾಸಿಸ್‌ಗೆ ಸೇರಿಲ್ಲ. ನೀವೂ ಸೇರಿಸಬೇಡಿ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 450 ವೋಲ್ಟ್‌ನವು ಸಿಗುತ್ತವೆ, ಆದರೆ ಎಷ್ಟು ವರ್ಷ ಕಪಾಟಿನಲ್ಲಿತ್ತೋ ತಿಳಿಯದು. ತಂದದ್ದನ್ನು 47 ಕಿಲೋ ಓಮ್ ರೆಸಿಸ್ಟರ್ ಮೂಲಕ 350 ವೋಲ್ಟ್‌ಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಿ. 47 ವೋಲ್ಟ್ ಅಂದರೆ ಒಂದು ಮಿಲಿಆಂಪ್ ಸೋರಿಕೆ, ಅದು ವಾಪಸ್ ಕೊಡುವ ಮಾಲು. ಹೊಸ ಕೆಪಾಸಿಟರ್ ಹತ್ತು ವೋಲ್ಟ್‌ಗಿಂತ ಕೆಳಗಿಳಿಯಬೇಕು. ಕೈಯಲ್ಲಿ ಹಿಡಿಯುವ ಕೆಪಾಸಿಟೆನ್ಸ್ ಮೀಟರ್ ಒಂದೆರಡು ವೋಲ್ಟ್‌ನಲ್ಲಿ ಅಳೆಯುವುದರಿಂದ ಈ ಸೋರಿಕೆ ಅದಕ್ಕೆ ಕಾಣುವುದಿಲ್ಲ.

ಕೆಪಾಸಿಟರ್‌ನ ಮೈಕ್ರೊಫ್ಯಾರಡ್ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. 20 ಇದ್ದಲ್ಲಿ 100 ಹಾಕಿದರೆ ಹಮ್ ಐದರಲ್ಲೊಂದು ಭಾಗವಾಗುತ್ತದಲ್ಲ? ಮೊದಲ ಕೆಪಾಸಿಟರ್ ಮಟ್ಟಿಗೆ ಇದು ತಪ್ಪು. ಕೆಪಾಸಿಟರ್ ದೊಡ್ಡದಾದಷ್ಟೂ ರೆಕ್ಟಿಫೈಯರ್ ಕಿರಿದಾದ ಎತ್ತರದ ಕರೆಂಟ್ ತುಣುಕುಗಳನ್ನು ಕೊಡಬೇಕಾಗುತ್ತದೆ, ಟ್ಯೂಬ್ ಒಳಗೆ ಕಿಡಿ ಹಾರಿ ಸಾಯುತ್ತದೆ. ಇಝಡ್81ಗೆ 50 ಮೈಕ್ರೊಫ್ಯಾರಡ್, ಜಿಝಡ್34ಗೆ 60 ಮಿತಿ. 6ಎಕ್ಸ್4 ಇನ್ನೂ ಸಣ್ಣದು. ಮೊದಲನೆಯದನ್ನು ಮೂಲ ಚಿತ್ರದಲ್ಲಿದ್ದಷ್ಟೇ ಇಡಿ, ಹೆಚ್ಚಿಸುವುದಾದರೆ ರೆಸಿಸ್ಟರ್ ಆಚೆಯದನ್ನು ಹೆಚ್ಚಿಸಿ. ಓಎ2 ಥರದ ಗ್ಯಾಸ್ ರೆಗ್ಯುಲೇಟರ್ ಟ್ಯೂಬ್ ಇದ್ದರೆ ಅದರ ಮೇಲೆ 0.1 ಮೈಕ್ರೊಫ್ಯಾರಡ್‌ಗಿಂತ ಹೆಚ್ಚು ಬೇಡ, ಟ್ಯೂಬ್ ಆರಿ ಹತ್ತಿ ತಾನೇ ಆಸಿಲೇಟರ್ ಆಗುತ್ತದೆ.

ಹೊಸ ಕೆಪಾಸಿಟರ್ ಹಾಕಿದ ಮೇಲೂ 100 ಹರ್ಟ್ಸ್, ಅದೂ ಕೊರೆಯುವಂಥ ಬಝ್ ಉಳಿದರೆ ಕಾರಣ ನೆಗೆಟಿವ್ ತಂತಿಯ ದಾರಿ. ಸೆಂಟರ್ ಟ್ಯಾಪ್‌ನಿಂದ ಮೊದಲ ಕೆಪಾಸಿಟರ್‌ನ ನೆಗೆಟಿವ್‌ಗೆ ನೇರ ತಂತಿ ಹೋಗಬೇಕು, ಚಾರ್ಜಿಂಗ್ ಕರೆಂಟ್ ಅಲ್ಲೇ ಸುತ್ತಿ ಮುಗಿಯಬೇಕು. ಆ ನೆಗೆಟಿವ್‌ನಿಂದ ಒಂದೇ ತಂತಿ ಮುಂದಕ್ಕೆ. ಸೆಂಟರ್ ಟ್ಯಾಪ್ ಚಾಸಿಸ್‌ನ ಒಂದು ಮೂಲೆಗೆ, ಕೆಪಾಸಿಟರ್ ಇನ್ನೊಂದು ಮೂಲೆಗೆ ಸೇರಿದ್ದರೆ ಆ ಕರೆಂಟ್ ಚಾಸಿಸ್ ತುಂಬ ಓಡಿ ಇನ್‌ಪುಟ್ ಟ್ಯೂಬ್‌ನ ಗ್ರೌಂಡ್ ಅನ್ನೇ ಅಲುಗಾಡಿಸುತ್ತದೆ. ಕ್ಯಾನ್ ಬಿಟ್ಟು ಬಿಡಿ ಕೆಪಾಸಿಟರ್ ಹಾಕಿದವರು ಎಡವುವುದು ಹೆಚ್ಚಾಗಿ ಇಲ್ಲೇ.

ಬ್ಲೀಡರ್ ಇಲ್ಲದಿದ್ದರೆ 220 ಕಿಲೋ ಓಮ್, 2 ವ್ಯಾಟ್ ಒಂದನ್ನು ಸೇರಿಸಿ. ಒಟ್ಟು 100 ಮೈಕ್ರೊಫ್ಯಾರಡ್ ಎರಡು ನಿಮಿಷದೊಳಗೆ ಖಾಲಿಯಾಗುತ್ತದೆ.

ರೆಕ್ಟಿಫೈಯರ್, ಹೀಟರ್

6ಎಕ್ಸ್4ನ ಹೀಟರ್ ಉಳಿದ ಟ್ಯೂಬ್‌ಗಳ ಜೊತೆ ಒಂದೇ 6.3 ವೋಲ್ಟ್ ವೈಂಡಿಂಗ್ ಹಂಚಿಕೊಂಡಿರುವುದು ಸಾಮಾನ್ಯ. ಹೀಟರ್-ಕ್ಯಾಥೋಡ್ ನಡುವೆ 450 ವೋಲ್ಟ್ ತಡೆಯುವಂತೆ ಅದನ್ನು ಮಾಡಿದ್ದಾರೆ. ಆ ಇನ್ಸುಲೇಷನ್ ಸೋತರೆ ಎಚ್‌ಟಿ ನೇರ ಹೀಟರ್ ಸಾಲಿಗೆ ನುಗ್ಗುತ್ತದೆ. ತಣ್ಣಗಿರುವಾಗ ಚೆನ್ನಾಗಿದ್ದು, ಕಾದ ಮೇಲೆ ಫ್ಯೂಸ್ ಹಾರಿದರೆ ಮೊದಲ ಅನುಮಾನ ಇದರ ಮೇಲೆ.

ಅದನ್ನು ತೆಗೆದು 1ಎನ್4007 ಹಾಕುವ ಮುನ್ನ ಲೆಕ್ಕ ಹಾಕಿ. ಪ್ರತಿ ಡಯೋಡ್ ಮೇಲೆ ಬೀಳುವ ಉಲ್ಟಾ ವೋಲ್ಟೇಜ್ 250ರ 2.83 ಪಟ್ಟು, 707. ಸಾವಿರದ ಡಯೋಡ್ ಸಾಕು. 350-0-350 ಆದರೆ ಎರಡೆರಡು ಸೀರೀಸ್ ಬೇಕು. ದೊಡ್ಡ ತೊಂದರೆ ಬೇರೆ: ಟ್ಯೂಬ್‌ಗಳು ಕಾಯುವ ಹತ್ತು ಹದಿನೈದು ಸೆಕೆಂಡ್ ಎಚ್‌ಟಿ 353ರಲ್ಲಿ ನಿಂತಿರುತ್ತದೆ, ಸಾಲಿನ ಕೊನೆಯ 250 ವೋಲ್ಟ್ ಕೆಪಾಸಿಟರ್‌ಗೂ ಅಷ್ಟೇ ತಾಗುತ್ತದೆ. ಟ್ಯೂಬನ್ನೇ ಉಳಿಸಿಕೊಂಡು ಅದರ ಪ್ರತಿ ಪ್ಲೇಟ್‌ಗೆ ಸೀರೀಸ್‌ನಲ್ಲಿ ಒಂದೊಂದು 1ಎನ್4007 ಹಾಕುವುದು ಉತ್ತಮ. ಟ್ಯೂಬ್ ಒಳಗೆ ಶಾರ್ಟ್ ಆದರೂ ಎಸಿ ಕೆಪಾಸಿಟರ್‌ಗೆ ಹೋಗುವುದಿಲ್ಲ, ಧ್ವನಿಯಲ್ಲಿ ವ್ಯತ್ಯಾಸವೂ ಇಲ್ಲ.

50 ಹರ್ಟ್ಸ್ ಹಮ್‌ಗೆ ಹೀಟರ್ ವೈಂಡಿಂಗ್‌ನ ಎರಡು ತುದಿಯಿಂದ 100 ಓಮ್ ಒಂದೊಂದು ಗ್ರೌಂಡ್‌ಗೆ. ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ ಇದ್ದು ಗ್ರೌಂಡ್ ಆಗಿದ್ದರೆ ಇದು ಬೇಡ, ಎರಡೂ ಇರಬಾರದು. ಸಾಲದಿದ್ದರೆ ಆ ಮಧ್ಯಬಿಂದುವನ್ನು ಗ್ರೌಂಡ್ ಬದಲು ಎಚ್‌ಟಿಯಿಂದ ಇಳಿಸಿದ 30ರಿಂದ 40 ವೋಲ್ಟ್‌ಗೆ ಸೇರಿಸಿ: 220 ಕಿಲೋ, 27 ಕಿಲೋ, ಕೆಳಗಿನದರ ಮೇಲೆ 22 ಮೈಕ್ರೊಫ್ಯಾರಡ್ 63 ವೋಲ್ಟ್. ಈ ಜೋಡಿಯೇ ಬ್ಲೀಡರ್ ಆಗಿಯೂ ಕೆಲಸ ಮಾಡುತ್ತದೆ.

ಟ್ಯೂಬ್ ಮೈಕ್‌ಗಳ ಸಪ್ಲೈ

ಇಲ್ಲಿ ಅವಸರಕ್ಕೆ ಬೆಲೆ ದೊಡ್ಡದು. ಮೈಕ್ ಹಚ್ಚದೆ ಅಳೆದರೆ ವೋಲ್ಟೇಜ್ ಮೇಲೇರಿರುತ್ತದೆ, ಮೈಕ್ ಹಚ್ಚಿ ಅಳೆಯಹೋದರೆ ತಪ್ಪಿದ್ದಲ್ಲಿ ಟ್ಯೂಬ್ ಹೋಗುತ್ತದೆ. ಆದ್ದರಿಂದ ಡಮ್ಮಿ ಲೋಡ್ (ಮೈಕ್ ಬದಲು ಅಷ್ಟೇ ಕರೆಂಟ್ ಎಳೆಯುವ ರೆಸಿಸ್ಟರ್) ಮೇಲೆಯೇ ಹೊಂದಿಸಿ. ನ್ಯೂಮನ್ ಯು67ರ ಇಎಫ್86ಗೆ 6.3 ವೋಲ್ಟ್, 200 ಮಿಲಿಆಂಪ್: 33 ಓಮ್, 5 ವ್ಯಾಟ್ ರೆಸಿಸ್ಟರ್. ಯು47ರಲ್ಲಿ 105 ವೋಲ್ಟ್‌ನ ಒಂದೇ ಸಾಲು ಹೀಟರ್‌ಗೂ ಪ್ಲೇಟ್‌ಗೂ, ಒಟ್ಟು ಸುಮಾರು 40 ಮಿಲಿಆಂಪ್: 2.7 ಕಿಲೋ ಓಮ್, 10 ವ್ಯಾಟ್. ಅದರ ವಿಎಫ್14 ಟ್ಯೂಬ್ ತಯಾರಿ ನಿಂತು ದಶಕಗಳೇ ಆದವು.

ಹಳೆಯ ಮೈಕ್ ಸಪ್ಲೈಗಳಲ್ಲಿ ರೆಕ್ಕೆ ರೆಕ್ಕೆಯಾಗಿ ಕಾಣುವ ಸೆಲೆನಿಯಂ ರೆಕ್ಟಿಫೈಯರ್ ಇರುತ್ತದೆ. ವಯಸ್ಸಾದಂತೆ ಅದರೊಳಗೇ ಹೆಚ್ಚು ವೋಲ್ಟ್ ಬಿದ್ದು ಔಟ್‌ಪುಟ್ ಇಳಿಯುತ್ತ ಹೋಗುತ್ತದೆ. ಸುಟ್ಟರೆ ಕೊಳೆತ ವಾಸನೆ ಬರುತ್ತದೆ, ಆ ಹೊಗೆ ವಿಷ, ಕಿಟಕಿ ತೆಗೆದು ಹೊರಗೆ ನಡೆಯಿರಿ. ಸಿಲಿಕಾನ್ ಬ್ರಿಡ್ಜ್ ಹಾಕಿದರೆ ವೋಲ್ಟೇಜ್ ಏರುತ್ತದೆ, ಅದನ್ನು ಸೀರೀಸ್ ರೆಸಿಸ್ಟರ್‌ನಿಂದ ಇಳಿಸಿ, ಡಮ್ಮಿ ಲೋಡ್ ಮೇಲೆ ಸರಿಹೋಗುವವರೆಗೆ. ಹೀಟರ್ ಅಳತೆ ಕೇಬಲ್‌ನ ಮೈಕ್ ತುದಿಯಲ್ಲಿ ಮಾಡಿ. 0.5 ಚದರ ಮಿಲಿಮೀಟರ್ ತಂತಿಯ 10 ಮೀಟರ್ ಕೇಬಲ್, ಹೋಗಿ ಬಂದು 0.7 ಓಮ್, 200 ಮಿಲಿಆಂಪ್‌ಗೆ 0.14 ವೋಲ್ಟ್ ಅಲ್ಲೇ ಬೀಳುತ್ತದೆ. ಕೇಬಲ್ ಬದಲಾದರೆ ಮತ್ತೆ ಹೊಂದಿಸಬೇಕು.

ಕೊನೆಗೆ ಮುಚ್ಚಳ ಹಾಕಿ, ರ‍್ಯಾಕ್‌ನಲ್ಲಿರುವಷ್ಟೇ ಬಿಸಿಯಾಗಲು ಬಿಟ್ಟು ಎರಡು ಗಂಟೆ ಓಡಿಸಿ, ತಕ್ಷಣ ತೆಗೆದು ಅದೇ ಗಂಟುಗಳನ್ನು ಮತ್ತೆ ಅಳೆಯಿರಿ. ತಣ್ಣಗಿದ್ದಾಗಿನ ಅಂಕಿಗಿಂತ ಎಚ್‌ಟಿ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಇನ್ನೂ ಸೋರಿಕೆ ಇದೆ. ಮೊದಲು ಕಪ್ಲಿಂಗ್ ಕೆಪಾಸಿಟರ್‌ಗಳ ಗ್ರಿಡ್ ತುದಿಯಲ್ಲಿ ಡಿಸಿ ಬರುತ್ತಿದೆಯೇ ನೋಡಿ. ಮೇನ್ಸ್ ವೋಲ್ಟೇಜ್‌ನ ಜೊತೆಗೆ ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿ.